ತಗಡಿನ ಆಕಾಶ

ನಮ್ಮ ಮಾವನವರ ಕಣ್ಣಿನ ಪೊರೆ ತೆಗೆಸಿ ಒಂದು ತಿಂಗಳಾಗಿತ್ತು. ಡಾಕ್ಟರಿಗೆ ತೋರಿಸಲು ಕೊಟ್ಟೂರಿನಿಂದ ಹರಪನಹಳ್ಳಿಗೆ ಹೊರಟಾಗ ಬೇಸಿಗೆ ರಜೆಯಲ್ಲಿದ್ದ ನನ್ನ ಇಬ್ಬರು ಮಕ್ಕಳೂ ಗಂಟುಬಿದ್ದರು. ಮಗಳು ಮೂರನೇ ತರಗತಿ ಮುಗಿಸಿದ್ದಳು, ಮಗನಿಗೆ ಐದು ವರ್ಷ. ಹರಪನಹಳ್ಳಿಯಲ್ಲಿ ಹೊಸದಾಗಿ ಒಂದು ಕೆಫೆ ಆಗಿದೆಯೆಂದೂ ಅದರೊಳಗೆ ಹಗಲಲ್ಲೇ ನಕ್ಷತ್ರ ಕಾಣುತ್ತವೆಯೆಂದೂ ಮಗಳು ಯಾರದೋ ಮೊಬೈಲಿನಲ್ಲಿ ನೋಡಿದ್ದಳು.

ಮಾವನವರು ಚಿಕ್ಕಂದಿನಿಂದ ಕುರಿ ಕಾಯ್ದವರು. ಹಿಂಡು ಹೊಡೆದುಕೊಂಡು ಹೊಳೆಸಾಲಿಗೆ ಹೋದರೆ ಮಾಗಳ, ಹೊಳಲಿನ ಹೊಲಗಳಲ್ಲೇ ತಿಂಗಳುಗಟ್ಟಲೆ ಇರುತ್ತಿದ್ದರು. ಮೊಣಕಾಲು ಸೋತ ಮೇಲೆ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ನಮ್ಮ ಜೊತೆ ಬಂದು ಇದ್ದಾರೆ. ಅವರ ಪಾಲಿಗೆ ಹೋಟೆಲೆಂದರೆ ಮಂಡಕ್ಕಿ ಮಿರ್ಚಿ ಅಂಗಡಿ.

ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರು. ಅಲ್ಲಿಂದ ಮಕ್ಕಳು ಅಜ್ಜನ ಕೈ ಹಿಡಿದು ಎಳೆದರು.

"ಚಾ ಕುಡಿಯಾಕ ಇಷ್ಟು ದೂರ ಯಾಕವ್ವಾ?" ಎಂದು ಅವರು ನನ್ನನ್ನು ಕೇಳಿದರು.

ಹೊರಗಿನಿಂದ ಅದು ಹಳೇ ಶೆಡ್ಡು. ಲಾರಿ ಬಾಡಿ ಕಟ್ಟುವ ಮಿಸ್ತ್ರಿಯೊಬ್ಬರು ತಮ್ಮ ಶೆಡ್ಡನ್ನೇ ಹೀಗೆ ಮಾಡಿದ್ದರು. ಕರೀ ಪರದೆ ಸರಿಸಿ ಕಾಲಿಟ್ಟೆವು. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದೊಂದಾಗಿ ಮೂಡಿದವು. ಚಾವಣಿ ಬೋರಲು ಹಾಕಿದ ಬಾಣಲೆಯ ಹಾಗೆ ಗುಂಡಗಿತ್ತು. ಗೋಡೆಯೆಲ್ಲ ಕಪ್ಪು, ಮೇಲೆ ಸಾವಿರಾರು ಬಿಳಿ ಚುಕ್ಕಿಗಳು. ನಾನು ಮಗನ ಕೈ ಬಿಟ್ಟದ್ದೂ ಗೊತ್ತಾಗಲಿಲ್ಲ.

"ಅವ್ವಾ, ರಾತ್ರಿ ಆಗಿಬಿಡ್ತು," ಎಂದು ಅವನು ಪಿಸುಗುಟ್ಟಿದ.

ಯಾವ ಬಲ್ಬೂ ಇರಲಿಲ್ಲ. ತಗಡಿಗೆ ತೂತು ಕೊರೆದು, ಒಂದು ಗೇಣು ಬಿಟ್ಟು ಮೇಲೆ ಗಾಜು ಹೊದಿಸಿದ್ದರು, ಅಷ್ಟೆ. ಅದು ಹೊರಗಿನ ಬಿಸಿಲೇ. ದೊಡ್ಡ ಚುಕ್ಕಿಗೆ ದೊಡ್ಡ ತೂತು, ಸಣ್ಣದಕ್ಕೆ ಸೂಜಿಯಷ್ಟು. ನೆಲದ ಮೇಲೂ, ನಮ್ಮ ಮೈಮೇಲೂ ಬೆಳಕಿನ ಹನಿಗಳು ಬಿದ್ದಿದ್ದವು. ಮಕ್ಕಳು ಕೇಳಿದ ಮಿಲ್ಕ್‌ಶೇಕ್ ಬಂತು, ಮಾವನವರ ಚಹಾ ಬಂತು. ಅವರು ಮುಟ್ಟಲಿಲ್ಲ. ಕತ್ತು ಮೇಲೆತ್ತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಏನನ್ನೋ ಹುಡುಕುತ್ತಿದ್ದರು. ಕೊನೆಗೆ, "ಇಲ್ಲೊಂದು ಇಲ್ಲ," ಎಂದರು.

"ಅಜ್ಜಾ, ನಿನಗ ಕಾಣವಲ್ದು ಬಿಡು," ಎಂದಳು ಮಗಳು.

"ಕಂಡದ್ದಕ್ಕ ಹೇಳಾಕತ್ತೀನಿ. ಅಲ್ಲಿ ಸಾಲಾಗಿ ಮೂರು ಅದಾವಲ್ಲ, ಅದು ಕೂರಿಗಿ. ಬಿತ್ತೋ ಕೂರಿಗಿ ಇದ್ದಂಗ. ಅದರ ಗೆರಿ ಹಿಡಕೊಂಡು ಕೆಳಗ ಬಂದ್ರ ಒಂದು ದೊಡ್ಡ ಚುಕ್ಕಿ ಇರಬೇಕು. ಎಲ್ಲೈತಿ?"

ಗಲ್ಲಾದಲ್ಲಿದ್ದ ಮಿಸ್ತ್ರಿ ಎದ್ದು ಬಂದರು. ತೂತು ಕೊರೆದ ಕೈ ಅವರದೇ. ನನಗೆ ಮುಜುಗರವಾಯಿತು. ಅವರು ಮಾತ್ರ ಮಾವನವರ ಪಕ್ಕ ನಿಂತು ತಾವೂ ಮೇಲೆ ನೋಡಿದರು.

"ಖರೇ ಐತಿ ಅಜ್ಜಾರ. ಮೊಬೈಲಿನಾಗ ನೋಡಿ ಗುರುತು ಮಾಡಿದ್ದೆ. ಅಲ್ಲಿ ಕಬ್ಬಿಣದ ಪಟ್ಟಿ ಅಡ್ಡ ಬಂತು, ಬಿಟ್ಟುಬಿಟ್ಟೆ. ಈವರೆಗೂ ಯಾರೂ ಕೇಳಿಲ್ಲ ನೋಡ್ರಿ."

"ಎಲ್ಲಾದಕಿಂತ ಬೆಳಕು ಅದರದಾ ಅಲ್ಲೇನ್ರಿ ಸಾಬ್ರ? ಅದನ್ನ ಹೆಂಗ ಬಿಟ್ರಿ?"

ಮಿಸ್ತ್ರಿ ನಕ್ಕರು. ಒಳಗೆ ಹೋಗಿ ಏಣಿ, ಡ್ರಿಲ್ ಮಷಿನ್ ಹಿಡಿದುಕೊಂಡು ಬಂದರು. ಊಟದ ಹೊತ್ತಾಗಿದ್ದರಿಂದ ನಮ್ಮನ್ನು ಬಿಟ್ಟರೆ ಕಾಲೇಜು ಹುಡುಗಿಯರ ಒಂದು ಗುಂಪು ಮಾತ್ರ ಇತ್ತು. ಅವರ ಅನುಮತಿ ಕೇಳಿ ಏಣಿ ಹತ್ತಿದರು. ಕೆಳಗಿನಿಂದ ಮಾವನವರು ಕೋಲೆತ್ತಿ ತೋರಿಸಿದರು. "ಇನ್ನಾ ಕೆಳಗ. ಚೂರು ಎಡಕ್ಕ. ಹಾಂ, ಅಲ್ಲೇ." ಮಿಸ್ತ್ರಿಯ ಗುರುತೇ ಸ್ವಲ್ಪ ತಪ್ಪಿತ್ತು; ಅದೃಷ್ಟಕ್ಕೆ ಮಾವನವರು ತೋರಿಸಿದ ಜಾಗ ಪಟ್ಟಿಯಿಂದ ಎರಡು ಬೆರಳು ಆಚೆಗಿತ್ತು.

ಡ್ರಿಲ್ ಕಿರುಚಿತು. ಎಲ್ಲರೂ ಕಿವಿ ಮುಚ್ಚಿಕೊಂಡೆವು. ಕಬ್ಬಿಣದ ಪುಡಿ ಉದುರಿತು, ಅದರ ಹಿಂದೆಯೇ ಬೆರಳು ದಪ್ಪದ ಬಿಸಿಲ ಕೋಲು ನೆಟ್ಟಗೆ ನೆಲಕ್ಕಿಳಿಯಿತು. ಮಗಳು ಚಾವಣಿ ನೋಡುವುದು ಬಿಟ್ಟು ಅಜ್ಜನನ್ನೇ ನೋಡುತ್ತಿದ್ದಳು. ಮನೆಯಲ್ಲಿ ಟಿವಿ ರಿಮೋಟು ಒತ್ತಲು ಬರದ ಅಜ್ಜನಿಗೆ ಇಡೀ ಆಕಾಶ ಬಾಯಿಪಾಠವಿತ್ತು. ಹತ್ತು ವರ್ಷ ಒಂದೇ ಮನೆಯಲ್ಲಿದ್ದರೂ ನಾನೂ ಅದನ್ನು ಅವತ್ತೇ ತಿಳಿದದ್ದು.

ಮಿಸ್ತ್ರಿ ಇಳಿದು ಬಂದು ಮಾವನವರ ಎರಡೂ ಕೈ ಹಿಡಿದುಕೊಂಡರು. "ಮತ್ತೇನರ ತಪ್ಪೈತೇನ್ರಿ?"

"ಉಳಿದದ್ದೆಲ್ಲ ಸರಿ ಐತ್ರಿ. ಆದ್ರ ಚುಕ್ಕಿ ಅಂದ್ರ ನಡೀಬೇಕು. ಇವು ನಿಂತಾವ."

"ಮ್ಯಾಲೆ ನೋಡಬ್ಯಾಡ್ರಿ, ಇಲ್ಲಿ ನೋಡ್ರಿ," ಎಂದು ಮಿಸ್ತ್ರಿ ನೆಲ ತೋರಿಸಿದರು. ಹೊಸ ಚುಕ್ಕಿಯ ಬೆಳಕು ಎರಡು ಟೈಲ್ಸ್ ಕೂಡುವ ಗೆರೆಯ ಹತ್ತಿರ ಬಿದ್ದಿತ್ತು. ಅದರ ಸುತ್ತ ಎಲ್ಲರೂ ಕುಕ್ಕರಗಾಲಲ್ಲಿ ಕೂತೆವು, ಮಾವನವರು ಕುರ್ಚಿ ಎಳೆದುಕೊಂಡು ಬಗ್ಗಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬೆಳಕಿನ ಅಂಚು ಗೆರೆ ಮುಟ್ಟಿತು, ನೋಡನೋಡುತ್ತಾ ದಾಟಿತು.

"ನಡದೈತಿ!" ಎಂದು ಮಾವನವರು ಮಗುವಿನ ಹಾಗೆ ಕೂಗಿದರು.

ಮಗ ಅದರ ದಾರಿಗೆ ಅಡ್ಡವಾಗಿ ತನ್ನ ಪುಟ್ಟ ಪಾದವಿಟ್ಟು, ಉಸಿರು ಬಿಗಿಹಿಡಿದು ಕಾಯುತ್ತ ಕೂತ.