ಅಕ್ಕನಿಗೆ ಕಟ್ಟಿದ ಗೇರ್ ಸೈಕಲ್

ಬರದ ಮೊದಲ ವರ್ಷವೇ ನಾನು ಪುಣೆಗೆ ಹೋದೆ. ಔರಾದ ಕಡೆಯಿಂದ ನನ್ನ ಜೊತೆ ರೈಲು ಹತ್ತಿದವರೆಲ್ಲ ಕಟ್ಟಡದ ಕೆಲಸಕ್ಕೆ ಸೇರಿದರು, ನನಗೆ ಸಿಕ್ಕಿದ್ದು ಒಂದು ಸೈಕಲ್ ಅಂಗಡಿ. ಅಲ್ಲಿಗೆ ಬರುತ್ತಿದ್ದವು ನಮ್ಮೂರಿನ ಹಾಲಿನ ಕ್ಯಾನು ಹೊರುವ ಕರಿ ಸೈಕಲ್‌ಗಳಲ್ಲ. ಗುಡ್ಡ ಹತ್ತಿ ಇಳಿಯುವಂಥವು, ದಪ್ಪ ಹಲ್ಲಿನ ಟೈರಿನವು, ಮುಂದಿನ ಗಾಲಿ ಹಿಡಿಯುವ ಚಿಮಟಾದೊಳಗೆ ಸ್ಪ್ರಿಂಗ್ ಇರುವಂಥವು. ವಾರವೆಲ್ಲ ಕುರ್ಚಿಯಲ್ಲಿ ಕೂತು ದುಡಿಯುವ ಜನ ಭಾನುವಾರ ಬೆಳಿಗ್ಗೆ ಬೇಕಂತಲೇ ಕಲ್ಲುಹಾದಿ ಹುಡುಕಿಕೊಂಡು ಹೋಗುವುದನ್ನು ನೋಡಿ ನನಗೆ ನಗು ಬರುತ್ತಿತ್ತು. ನಮ್ಮ ತಾಲೂಕಿಗೆ ಬನ್ನಿ, ಏಳೂ ದಿನ ಕಲ್ಲುಹಾದಿಯೇ ಎಂದು ಹೇಳಬೇಕೆನಿಸುತ್ತಿತ್ತು.

ಕೆಲಸವನ್ನು ಮಾತ್ರ ಮನಸ್ಸಿಟ್ಟು ಕಲಿತೆ. ಗೇರಿನ ತಂತಿಯನ್ನು ಕಾಲು ಸುತ್ತು ಬಿಗಿ ಮಾಡಿ ಪೆಡಲ್ ತಿರುಗಿಸಿದರೆ, ಚೈನು ಸರಿಯಾಗಿ ಕೂತಿದೆಯೋ ಪಕ್ಕದ ಹಲ್ಲಿಗೆ ಉಜ್ಜುತ್ತಿದೆಯೋ ಎಂದು ಕಣ್ಣು ಮುಚ್ಚಿಕೊಂಡು ಹೇಳುವಷ್ಟು ಕಲಿತೆ. ಮಾಲೀಕರದು ಒಂದೇ ಕಟ್ಟುನಿಟ್ಟು: ಯಾರೇ ಬರಲಿ, ಮೊದಲು ಅವರ ತೂಕ ಕೇಳಬೇಕು, ಚಿಮಟಾಕ್ಕೆ ದಾರ ಕಟ್ಟಬೇಕು, ಆಮೇಲೆ ಬೋಲ್ಟು ತಿರುಗಿಸುವ ಪಾನಾ ಮುಟ್ಟಬೇಕು. ಚಿಮಟಾದ ಹೊಳೆಯುವ ಕೊಳವೆಗೆ, ಅದು ಒಳಗಿಳಿಯುವ ಬಾಯಿಯ ಹತ್ತಿರ, ದಾರ ಸುತ್ತಿ ಕಟ್ಟುವುದು. ಸವಾರ ಸೀಟಿನ ಮೇಲೆ ಕೂತರೆ ಕೊಳವೆ ಒಳಗಿಳಿದು ದಾರ ಮೇಲೆ ಸರಿಯುತ್ತದೆ. ಎಷ್ಟು ಸರಿಯಿತು ಎಂದು ನೋಡಿದರೆ ಸಾಕು, ಆ ಸ್ಪ್ರಿಂಗ್ ಆ ಮನುಷ್ಯನಿಗೆ ಹೊಂದುತ್ತದೋ ಇಲ್ಲವೋ ತಿಳಿಯುತ್ತದೆ. ಈಗ ಬೀದರಿನ ನೌಬಾದದಲ್ಲಿ ನನ್ನದೇ ಅಂಗಡಿ ಇದೆ, ಈಗಲೂ ಅದೇ ಕ್ರಮ. ತೂಕ ಕೇಳಿದರೆ ಕೆಲವರು ಸಿಟ್ಟಾಗುತ್ತಾರೆ.

ಊರಲ್ಲಿ ನನಗೆ ಇದ್ದವಳು ಅಕ್ಕ ಒಬ್ಬಳೇ. ಅವ್ವ ತೀರಿಕೊಂಡಾಗ ನನಗೆ ಎರಡು ವರ್ಷ, ಅಕ್ಕನಿಗೆ ಹನ್ನೆರಡು. ಬೆಳೆಸಿದವಳು ಅವಳು. ಸೊಂಟದ ಮೇಲೆ ನನ್ನನ್ನು ಹೊತ್ತುಕೊಂಡೇ ನೀರು ತಂದಳು, ರೊಟ್ಟಿ ಬಡಿದಳು, ಸೈಕಲ್‌ನ ಹಿಂದೆ ಕೂರಿಸಿಕೊಂಡು ಶಾಲೆಗೆ ಹೋದಳು. ಮುಂದೆ ನರ್ಸ್ ಆಗಿ ಔರಾದ ತಾಲೂಕಿನ ಒಂದು ಹಳ್ಳಿಗೆ ಬಂದಳು. ಮಕ್ಕಳಾಗಲಿಲ್ಲ. ಗೌಂಡಿ ಕೆಲಸ ಮಾಡುವ ಭಾವ ಬರದ ವರ್ಷಗಳಲ್ಲಿ ಹೈದರಾಬಾದಿಗೆ ಹೋದರು. ಜನ ಊರು ಬಿಟ್ಟ ಮೇಲೆ ಟಂಟಂ ಆಟೋಗಳೂ ನಿಂತವು. ಆಚೆಯ ಮೂರು ವಾಡಿಗಳ, ಆ ಪುಟ್ಟ ಹಳ್ಳಿಗಳ, ಕೂಸುಗಳಿಗೆ ಲಸಿಕೆ ಹಾಕಲು ಅಕ್ಕ ಐಸ್ ತುಂಬಿದ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಕೆಂಪು ಕಲ್ಲಿನ ದಿಬ್ಬ ಹತ್ತಿಳಿದು ನಡೆದೇ ಹೋಗಬೇಕಾಯಿತು.

ಒಂದು ದಿನ ಫೋನಿನಲ್ಲಿ ಅಂದಳು: "ಮೊಳಕಾಲು ಹಿಡ್ಕೊಂಡಾವ ತಮ್ಮಾ. ಈ ನೌಕರಿ ಬಿಟ್ಟು ನಾನೂ ಹೈದರಾಬಾದಿಗೆ ಹೋಗ್ತೇನಿ. ನಿಮ್ಮ ಭಾವ ಕರೀಲಿಕ್ಕತ್ಯಾರ."

"ಎಳ್ಳಮವಾಸಿಗಿ ನಾ ಬರ್ತೇನಿ. ಅಲ್ಲೀತನಾ ಏನೂ ಮಾಡಬ್ಯಾಡ" ಅಂದೆ.

ಊರಿಗೆ ಹೋಗುತ್ತೇನೆ ಎಂದು ರಜೆ ಕೇಳುತ್ತಿದ್ದೆನಲ್ಲ, ಆ ಊರು ಎಂದರೆ ಅಕ್ಕನೇ. ಅವಳು ಬಾಗಿಲಿಗೆ ಕೀಲಿ ಹಾಕಿ ಹೊರಟರೆ ನಾನು ರೈಲು ಇಳಿದು ಎಲ್ಲಿಗೆ ಹೋಗಲಿ? ಅವಳ ಮೊಳಕಾಲಿಗಿಂತ ಮೊದಲು ನನಗೆ ಇದೇ ಚಿಂತೆಯಾಯಿತು. ಹೇಗಾದರೂ ಮಾಡಿ ಅವಳನ್ನು ಅಲ್ಲೇ ಉಳಿಸಿಕೊಳ್ಳಬೇಕು ಎಂದು ಹಟ ಹಿಡಿದೆ, ದಿಬ್ಬ ನಡೆಯುವುದು ತಪ್ಪಲೆಂದು ಅವಳಿಗೆ ಗೇರ್ ಸೈಕಲ್ ಕಟ್ಟಲು ಕೂತೆ.

ಪುಣೆಯ ಗಿರಾಕಿಗಳು ಹೊಸದು ಹಾಕಿಸಿಕೊಂಡು ಬಿಟ್ಟುಹೋದ ಸಾಮಾನು ಅಂಗಡಿಯ ಹಿಂದೆ ರಾಶಿ ಬಿದ್ದಿತ್ತು. ಬೇಕಾದ್ದು ತಗೋ ಎಂದರು ಮಾಲೀಕರು. ನಾನು ಆರಿಸಲು ಹಿಡಿದಷ್ಟು ದಿನ ಮದುವೆಗೆ ಸೀರೆ ಆರಿಸುವವರಿಗೂ ಹಿಡಿಯಲಿಕ್ಕಿಲ್ಲ. ಹಗುರ ಅಲ್ಯುಮಿನಿಯಂ ಫ್ರೇಮ್ ಬಿಟ್ಟು ಕಬ್ಬಿಣದ್ದು ತಗೊಂಡೆ, ಮುರಿದರೆ ಔರಾದದಲ್ಲೇ ವೆಲ್ಡಿಂಗ್ ಆಗುತ್ತದೆ. ಸೀರೆ ಉಟ್ಟವಳು ಹತ್ತಬೇಕಲ್ಲ, ಮೇಲಿನ ಕೊಳವೆ ಇಳಿಜಾರಾಗಿರುವುದನ್ನೇ ಹುಡುಕಿದೆ. ಪೆಡಲಿನ ಹತ್ತಿರ ಮೂರು ಹಲ್ಲುಚಕ್ರದ ಬದಲು ಚಿಕ್ಕದೊಂದೇ ಇಟ್ಟೆ, ಗೇರು ಬದಲಿಸಲು ಒಂದು ಕೈಯ ಹಿಡಿಕೆ ತಿರುಗಿಸಿದರೆ ಸಾಕು, ಗೊಂದಲವಿಲ್ಲ. ಹಿಂದಿನ ಗಾಲಿಗೆ, ದಿಬ್ಬಕ್ಕೆಂದು, ತಟ್ಟೆಯಷ್ಟು ದೊಡ್ಡ ಹಲ್ಲುಚಕ್ರ. ಎಣ್ಣೆಯ ಡಿಸ್ಕ್ ಬ್ರೇಕ್ ಕೈಗೆ ಸಿಕ್ಕಿತ್ತು, ಬಿಟ್ಟೆ. ಅದು ಕೆಟ್ಟರೆ ನಮ್ಮ ಕಡೆ ರಿಪೇರಿ ಮಾಡುವವರಿಲ್ಲ. ತಂತಿಯ ಬ್ರೇಕೇ ವಾಸಿ. ಚಿಮಟಾ ಮಾತ್ರ ಒಳ್ಳೆಯದೇ ಬೇಕು ಎಂದು, ಒಬ್ಬ ಗಟ್ಟಿಮುಟ್ಟಾದ ಗಿರಾಕಿ ಬಿಚ್ಚಿಸಿ ಹೋಗಿದ್ದ ಸ್ಪ್ರಿಂಗ್ ಚಿಮಟಾವನ್ನು ಎತ್ತಿಕೊಂಡೆ. ತೊಳೆದು, ಗ್ರೀಸ್ ತುಂಬಿ ಹೊಸದರಂತೆ ಮಾಡಿದೆ.

ಎಲ್ಲವನ್ನೂ ಗೋಣಿಚೀಲದಲ್ಲಿ ಕಟ್ಟಿಕೊಂಡು ಭಾಲ್ಕಿಯಲ್ಲಿ ಇಳಿದೆ. ಸ್ಟೇಷನ್ ಹತ್ತಿರ ನನಗೆ ಪರಿಚಯದ ಸೈಕಲ್ ಮಿಸ್ತ್ರಿ ಇದ್ದರು, ವಯಸ್ಸಾದವರು. ಎಲ್ಲರಿಗೂ ಚಾಚಾ. ಅವರ ಅಂಗಡಿಯ ಮುಂದೆಯೇ ಕೂತು ಜೋಡಿಸಿದೆ. ಚಾಚಾ ಸುತ್ತಲೂ ಒಂದು ಸುತ್ತು ಬಂದರು.

"ಸೈಕಲ್ ಅದನೋ ಜೀಪ್ ಅದನೋ ಬೇಟಾ?" ಎಂದವರೇ ಹೆಬ್ಬೆರಳಿನಿಂದ ಟೈರ್ ಒತ್ತಿದರು. "ಹವಾ ಕಮ್ಮಿ ಅದ."

ನಮ್ಮ ಕಡೆ ಟೈರೆಂದರೆ ಕಲ್ಲಿನಂತಿರಬೇಕು. ನಾಲ್ಕು ಕೊಡ ನೀರು ತೂಗುಹಾಕಿಕೊಂಡು ಹೋಗುವವರ ಸೈಕಲ್ ಅಲ್ಲವೇ. "ಬೇಕಂತಲೇ ಕಮ್ಮಿ ಇಟ್ಟೀನಿ ಚಾಚಾ. ಮೆತ್ತಗಿದ್ರ ಕಲ್ಲು ಹಿಡೀತದರಿ" ಎಂದು ಪುಣೆಯ ಪಾಠ ಒಪ್ಪಿಸಿದೆ.

"ಕಲ್ಲು ಹಿಡೀಲಿ. ಜಾಲಿಮುಳ್ಳು ಯಾರು ಹಿಡೀಬೇಕು?" ಅಂದವರು ಹಳೆಯ ಟ್ಯೂಬೊಂದನ್ನು ಉದ್ದಕ್ಕೆ ಸೀಳಿ, ಟೈರಿನ ಒಳಗೆ ಅಸ್ತರಿನಂತೆ ಹಾಸಿಕೊಟ್ಟರು. ಇದನ್ನು ಪುಣೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಬಾಯಿ ಮುಚ್ಚಿಕೊಂಡು ನೋಡಿದೆ.

ಕೆಲಸ ಮುಗಿಸಿ ಚಾಚಾ ಕೇಳಿದರು: "ಓಡಸೋರು ಯಾರು?"

"ನಮ್ಮಕ್ಕರಿ."

"ಹ್ಯಾಂಗ ಅದಾರ? ಈ ಚಿಮಟಾ ಭಾಳ ಕಡಕ್ ಅದ."

"ಗಟ್ಟಿ ಹೆಣ್ಣಮಗಳು ಚಾಚಾ. ನನ್ನ ಹೊತ್ತು ಬೆಳಸ್ಯಾಳ."

ಅಷ್ಟೇ. ಸಾವಿರ ಮಂದಿ ಅಪರಿಚಿತರ ತೂಕ ಕೇಳಿ ಬರೆದುಕೊಂಡವನು ಅಕ್ಕನ ಅಳತೆಯೆಂದು ಕೊಟ್ಟಿದ್ದು ಈ ಮಾತನ್ನು. ಹಿಂದಿನ ವರ್ಷ ಹಬ್ಬಕ್ಕೆ ಊರಿಗೆ ಹೋಗಿರಲಿಲ್ಲ, ಅವಳನ್ನು ನೋಡಿ ಎರಡು ವರ್ಷವಾಗುತ್ತ ಬಂದಿತ್ತು.

ಬೀದರಿನಲ್ಲಿ ಒಂದು ಕ್ಯಾರಿಯರ್, ಸೀರೆಯ ನೆರಿಗೆ ಸಿಗದಂತೆ ಚೈನ್ ಕವರ್ ಹಾಕಿಸಿದೆ. ಔರಾದ ಬಸ್ಸಿಗೆ ಇನ್ನೂ ಸಮಯವಿತ್ತು, ಪಕ್ಕದ ಅಷ್ಟೂರ ಹಳ್ಳಿಯ ಹಿಂದಿನ ಕೆಂಪು ಮೊರಂ ಕಲ್ಲಿನ ಹಾದಿಯಲ್ಲಿ ಒಂದು ಸುತ್ತು ಓಡಿಸಿ ನೋಡಿದೆ. ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬೀಳುತ್ತಿತ್ತು. ಸಣ್ಣ ಕಲ್ಲು, ದೊಡ್ಡ ಕಲ್ಲು, ಯಾವುದರ ಏಟೂ ಕೈಗೆ ಬರಲಿಲ್ಲ. ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಅಕ್ಕ ಸೈಕಲ್ ನೋಡಿ ಮಗುವಿನಂತೆ ಕುಣಿದಳು. ಅಂಗಳದಲ್ಲೇ ಎರಡು ಸುತ್ತು ಹಾಕಿ, ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಮರುದಿನ ಲಸಿಕೆಯ ದಿನ. ಡಬ್ಬಿಯನ್ನು ಕ್ಯಾರಿಯರ್‌ಗೆ ಕಟ್ಟಿ ಹೊರಟಳು, ನಾನು ಹಿಂದೆ ನಡೆದೆ. ದಿಬ್ಬದ ಕಲ್ಲುಗಳು ಶುರುವಾದದ್ದೇ ತಡ, ಡಬ್ಬಿ ಕುಣಿಯತೊಡಗಿತು, ಹ್ಯಾಂಡಲ್ ಅತ್ತ ಇತ್ತ ಹೊಡೆಯಿತು. ಸ್ವಲ್ಪ ದೂರ ಹೋಗಿ ಇಳಿದಳು.

"ಕೈ ಜುಂ ಅಂತಾವ ತಮ್ಮಾ. ನಡಕೊಂಡು ಹೋಗೋದೇ ಛಲೋ ಇತ್ತು."

ನನಗೆ ಪಿತ್ತ ನೆತ್ತಿಗೇರಿತು. "ನಿನಗ ಓಡಸಲಿಕ್ಕ ಬರಂಗಿಲ್ಲ. ಹ್ಯಾಂಡಲ್ ಅಷ್ಟು ಗಟ್ಟಿ ಯಾಕ ಹಿಡೀತಿ?" ಎಂದು ರೇಗಿದೆ. ಪಾಪ, ಮತ್ತೆ ಹತ್ತಿದಳು. ಅದೇ ಕುಣಿತ. ಟೈರಿನ ಗಾಳಿ ಇನ್ನಷ್ಟು ಬಿಟ್ಟೆ. ಆಗಲಿಲ್ಲ. ಕೊನೆಗೆ ಡಬ್ಬಿಗೆ ಸುತ್ತಿದ್ದ ದಾರದಲ್ಲೇ ಒಂದು ಎಳೆ ಕಿತ್ತು ಚಿಮಟಾಕ್ಕೆ ಕಟ್ಟಿ, ಸೈಕಲ್ ಹಿಡಿದು ನಿಂತೆ.

"ಕೂಡು. ಕಾಲು ನೆಲಕ್ಕ ಊರಬ್ಯಾಡ."

"ಕೂತೇನಿ."

ದಾರ ಸರಿಯಲಿಲ್ಲ.

"ಪೂರಾ ಭಾರ ಬಿಡು ಅಕ್ಕಾ."

"ಬಿಟ್ಟೇನಲ್ಲೋ! ಇನ್ನೆಷ್ಟು ಬಿಡಲಿ?"

ದಾರ ಇದ್ದಲ್ಲೇ ಇತ್ತು. ಚಿಮಟಾ ಕಚ್ಚಿಕೊಂಡಿದೆ ಅಂದುಕೊಂಡು ಅವಳನ್ನು ಇಳಿಸಿ ನನ್ನ ಎರಡೂ ಅಂಗೈಯಿಂದ ಒತ್ತಿದೆ. ನುಣ್ಣಗೆ ಇಳಿಯಿತು. ದಾರ ಎರಡು ಬೆರಳು ಮೇಲೆ ಬಂತು. ಚಿಮಟಾದಲ್ಲಿ ಏನೂ ದೋಷವಿರಲಿಲ್ಲ. ಆಗ ತಲೆಯೆತ್ತಿ ಅಕ್ಕನನ್ನು ನೋಡಿದೆ. ಬಂದಾಗಿನಿಂದ ಸೈಕಲ್ ತೋರಿಸುವುದರಲ್ಲೇ ಮುಳುಗಿದ್ದೆ, ಅವಳನ್ನು ಸರಿಯಾಗಿ ನೋಡಿರಲೇ ಇಲ್ಲ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಕುಪ್ಪಸದ ಹೊಲಿಗೆಯನ್ನು ಎರಡೆರಡು ಸಲ ಒಳಗೆ ಹಿಡಿದಿದ್ದಳು. ಕೊರಳಿನ ಎಲುಬು ಎದ್ದು ಕಾಣುತ್ತಿತ್ತು.

"ಅಕ್ಕಾ, ನಿನ್ನ ತೂಕ ಎಷ್ಟು?"

ನಕ್ಕಳು. "ಮೂರೂ ವಾಡಿ ಕೂಸುಗಳ ತೂಕ ಕೇಳು, ಬಾಯಿಲೇ ಹೇಳ್ತೇನಿ. ನಂದು ಯಾರು ನೋಡ್ಯಾರ?"

ವಾಡಿಯ ಅಂಗನವಾಡಿಯಲ್ಲಿ ಲಸಿಕೆಯ ಕೆಲಸ ಮುಗಿದ ಮೇಲೆ, ಬಸುರಿಯರನ್ನು ತೂಗುವ ಕಾಟಾದ ಮೇಲೆ ಅವಳನ್ನು ಒತ್ತಾಯ ಮಾಡಿ ನಿಲ್ಲಿಸಿದೆ. ಮುಳ್ಳು ನಿಂತ ಅಂಕಿಯನ್ನು ಇಲ್ಲಿ ಬರೆಯಲಾರೆ. ಪುಣೆಯಲ್ಲಿ ಅಷ್ಟು ತೂಕದವರು ಬಂದರೆ ನಾವು ಮಕ್ಕಳ ಸೈಕಲ್ ತೋರಿಸುತ್ತಿದ್ದೆವು.

ಮನೆಗೆ ಬಂದು ಅಡುಗೆಮನೆ ನೋಡಿದೆ. ಜೋಳದ ಹಿಟ್ಟು ಇತ್ತು, ಬೇಳೆ ಇತ್ತು. ತವೆ ಮಾತ್ರ ತಣ್ಣಗಿತ್ತು. ಕೇಳಿದರೆ, "ಒಬ್ಬಾಕಿಗಿ ಏನು ಅಡಿಗಿ ಮಾಡೋದು ಬಿಡೋ" ಅಂದಳು. ಟ್ಯಾಂಕರ್ ಬರುವ ದಿನ ಕೊಡಗಳ ಸಾಲಿನಲ್ಲಿ ಅರ್ಧ ದಿನ ಹೋಗುತ್ತಿತ್ತು, ಮಿಕ್ಕ ದಿನ ವಾಡಿಗಳು. ವಾಪಸ್ ಬಂದು ಚಹಾ ಕುಡಿದು ಮಲಗಿಬಿಡುವುದು. ಉಣ್ಣು ಎನ್ನುವವರು ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಚಿಮಟಾ ಬಿಚ್ಚಿದೆ. ಅದರ ಎರಡು ಕಾಲಿನಲ್ಲೂ ಸ್ಪ್ರಿಂಗ್ ಇತ್ತು, ಒಂದನ್ನು ಪೂರ್ತಿ ತೆಗೆದೆ. ಸೀಟು ಇಳಿಸಿದೆ, ಬ್ರೇಕಿನ ಹಿಡಿಕೆಯನ್ನು ಅವಳ ಬೆರಳಿಗೆ ಎಟುಕುವಂತೆ ಹತ್ತಿರ ತಂದೆ, ಟೈರಿನ ಗಾಳಿಯನ್ನು ಅವಳನ್ನು ಕೂರಿಸಿಯೇ ನೋಡಿದೆ. ಈ ಸಲ ದಾರ ಸರಿಯಿತು. ಅಕ್ಕ ದಿಬ್ಬದ ಕಡೆ ಹೊರಟು ಕಣ್ಣಿಗೆ ಮರೆಯಾದಳು. ಎಷ್ಟೋ ಹೊತ್ತಿನ ಮೇಲೆ ಬೆವರಿ, ಕೆಂಪು ಧೂಳು ಹೊದ್ದು, ನಗುತ್ತ ಇಳಿದು ಬಂದಳು. ಶಾಲೆಗೆ ನನ್ನನ್ನು ಕರೆದೊಯ್ಯುತ್ತಿದ್ದ ದಿನಗಳ ಮುಖ ಅದು.

"ಇನ್ನ ನಾ ಎಲ್ಲಿಗೂ ಹೋಗಂಗಿಲ್ಲ ತಮ್ಮಾ! ನಿಮ್ಮ ಭಾವಗ ಇವತ್ತೇ ಫೋನ್ ಮಾಡಿ ಹೇಳ್ತೇನಿ."

ಈ ಮಾತು ಕೇಳಲೆಂದೇ ನಾನು ಪುಣೆಯಿಂದ ಗೋಣಿಚೀಲ ಹೊತ್ತು ಬಂದಿದ್ದೆ.

"ಬ್ಯಾಡ ಅಕ್ಕಾ" ಅಂದೆ. "ಹೈದರಾಬಾದಿಗೆ ಹೋಗು."

"ತಲಿ ಕೆಟ್ಟದೇನು? ಸೈಕಲ್ ತಂದವನೂ ನೀನೇ, ಹೋಗು ಅನ್ನವನೂ ನೀನೇ?"

"ಅಲ್ಲಿ ಇಬ್ರೂ ಕೂಡಿ ಉಣ್ತೀರಿ. ಇಲ್ಲಿ ನೀ ಉಣ್ಣಂಗಿಲ್ಲ."

ಸೆರಗಿನಿಂದ ಹ್ಯಾಂಡಲ್‌ನ ಧೂಳು ಒರೆಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಮತ್ತ ನೀ ಹಬ್ಬಕ್ಕ ಎಲ್ಲಿಗಿ ಬರ್ತೀ?"

ನನಗೆ ಊರೆಂದರೆ ಅವಳೇ ಎಂಬುದು ಅವಳಿಗೆ ಗೊತ್ತಿತ್ತು. ಮೊಳಕಾಲು ಹಿಡಿದುಕೊಂಡರೂ ಅಷ್ಟು ದಿನ ಅಲ್ಲಿ ಕೂತಿದ್ದು ನನಗಾಗಿಯೂ ಎಂದು ಆಗ ಹೊಳೆಯಿತು. ಆದರೂ ಹೋಗು ಎಂದೇ ಹಟ ಹಿಡಿದೆ.

ಬದಲಿ ನರ್ಸ್ ಬರುವವರೆಗೆ ಕೆಲಸ ಮಾಡಿ, ಸೈಕಲನ್ನು ಆಕೆಗೇ ಒಪ್ಪಿಸಿ, ಯುಗಾದಿಗೆ ಮೊದಲು ಅಕ್ಕ ಹೈದರಾಬಾದಿಗೆ ಹೊರಟಳು. ಮಳೆಗಾಲವೂ ಕಳೆದು ಮತ್ತೆ ಎಳ್ಳಮವಾಸ್ಯೆ ಬಂತು. ಪುಣೆಯಲ್ಲಿ ಮಾಲೀಕರು ತಾವಾಗಿಯೇ ರಜೆ ಕೊಟ್ಟರು, ಹೋಗಲು ಊರೇ ಇರಲಿಲ್ಲ, ಬೇಡ ಎಂದೆ. ಮಧ್ಯಾಹ್ನ ಅಕ್ಕನ ಫೋನ್ ಬಂತು. ಕಾಳು ಪಲ್ಯಾ ಕೂಡಿಸಿ ಭಜ್ಜಿ ಮಾಡೀನಿ, ಸಜ್ಜಿ ರೊಟ್ಟಿ ಮಾಡೀನಿ, ನಿಮ್ಮ ಭಾವ ಎರಡನೇ ಸಲ ಹಾಕ್ಸಿಕೊಂಡ್ರು, ನಾನೂ ಹಾಕ್ಕೊಂಡೆ ಎಂದು ಒಂದೇ ಉಸಿರಿಗೆ ಹೇಳಿದಳು. ದನಿ ಮೊದಲಿನಂತೆ ಮೈದುಂಬಿಕೊಂಡಿತ್ತು.

"ನೀ ಎಲ್ಲಿ ಉಂಡಿ ತಮ್ಮಾ?" ಎಂದಳು.

"ಗೆಳ್ಯಾರ ಮನ್ಯಾಗ ಅಕ್ಕಾ" ಎಂದು ಸುಳ್ಳು ಹೇಳಿ, ಅಂಗಡಿಯ ಹಿಂದೆ ಹೋಗಿ ಅತ್ತೆ.