ಮಣ್ಣುನೀರಿಗೆ ತಕ್ಕ ಟಾರ್ಚು

ಬೆಳಗಿನ ಬಾಂಗಿನ ದನಿ ಆಚೆ ದಡದಿಂದ ಬಂದು ಈಗಷ್ಟೇ ನಿಂತಿದೆ. ಕಡಬದಿಂದ ಒಳಗೆ, ಕುಮಾರಧಾರೆಯನ್ನು ಸೇರುವ ಹೊಳೆಯೊಂದರ ಕಿಂಡಿ ಅಣೆಕಟ್ಟಿನ ಮೇಲೆ ಕುಂಞಿ ಮೋನು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಉರಿಯುವ ಟಾರ್ಚೊಂದನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಡುತ್ತಾರೆ. ಕೆಂಪು ನೀರು ಅದನ್ನು ನುಂಗುತ್ತದೆ. ಒಂದು ಚಾ ಕುಡಿಯುವಷ್ಟು ಹೊತ್ತು ಕಾದು, ಮೇಲೆತ್ತಿ, ಗಾಜನ್ನು ಆಕಾಶಕ್ಕೆ ಹಿಡಿದು ನೋಡುತ್ತಾರೆ. ಒಳಗೆ ಎಲ್ಲಾದರೂ ಬೆವರಿದೆಯೇ?

“ಇಲ್ಲ, ಒಣಗಿಯೇ ಉಂಟು.”

“ಕೊಡು ಇಲ್ಲಿ. ನಾನು ನೋಡ್ಬೇಕು,” ಎನ್ನುತ್ತಾರೆ ಪಕ್ಕದಲ್ಲಿರುವ ಡೊಂಬಯ್ಯ.

ಅವರು ಎಡಗೈಯಲ್ಲೇ ಟಾರ್ಚು ತಿರುಗಿಸಿ ನೋಡುತ್ತಾರೆ. ಬಲಗೈ ಮೊಣಕೈಯ ಕೆಳಗೆ ಇಲ್ಲ. ಆ ಕೈ ಹೋದದ್ದು ಕಳೆದ ವರ್ಷ, ನಾವು ಕೂತಿರುವ ಜಾಗದ ನೇರ ಕೆಳಗೆ, ಇದೇ ಕಿಂಡಿಯಲ್ಲಿ. ಅದನ್ನು ಅವರ ಬಾಯಿಂದ ಕೇಳಿದ್ದೇ, ನೋಡಲೆಂದು ಬಂದ ನಾನು ಇಳಿಬಿಟ್ಟಿದ್ದ ಕಾಲನ್ನು ಮೇಲಕ್ಕೆಳೆದುಕೊಳ್ಳುತ್ತೇನೆ. ಅಲ್ಲಿಗೇ ಮೋನು ಇನ್ನು ಸ್ವಲ್ಪ ಹೊತ್ತಿನಲ್ಲಿ ಇಳಿಯಲಿದ್ದಾರೆ.

ಮಳೆಗಾಲ ಮುಗಿದ ಮೇಲೆ ಇಂಥ ಅಣೆಕಟ್ಟುಗಳ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಕೆಂಪು ಮಣ್ಣು ತುಂಬಿ, ಬೇಸಿಗೆಗೆ ನೀರು ನಿಲ್ಲಿಸುತ್ತಾರೆ. ಅಡಿಯ ಹಲಗೆ ಸರಿಯಾಗಿ ಕೂರದಿದ್ದರೆ ನೀರೆಲ್ಲ ಸೋರಿ ಹೋಗುತ್ತದೆ. ಯಾರಾದರೂ ಮುಳುಗಿ, ಸೋರುವ ಜಾಗ ಹುಡುಕಿ, ತೆಂಗಿನ ನಾರು, ಗೋಣಿ ತುರುಕಬೇಕು. ಕಡಬ, ಸುಳ್ಯದ ಕಡೆಯ ಎಷ್ಟೋ ಅಣೆಕಟ್ಟುಗಳಲ್ಲಿ ಆ ಯಾರಾದರೂ ಎಂದರೆ ಮೋನು. ಇಳಿದು ಮುಗಿಸಿ, ತಲೆ ಒರೆಸಿ, ಗೂಡ್ಸ್ ರಿಕ್ಷಾದಲ್ಲಿ ಒಣಮೀನು ಮಾರಲು ಹೋಗುತ್ತಾರೆ. ಆ ನೀರಿನಿಂದ ಬಾವಿ ತುಂಬಿಸಿಕೊಂಡವರಲ್ಲಿ ಹೆಚ್ಚಿನವರು ಅವರನ್ನು ಮೀನಿನ ಮೋನಾಕ ಎಂದೇ ಬಲ್ಲರು.

ಕೆಳಗೆ ಕಾಣುತ್ತದೆಯೇ ಎಂದು ಕೇಳುತ್ತೇನೆ. ಅವರಿಗೆ ನಗು.

“ಕಾಣುದೆಲ್ಲಿಂದ ಮಾರಾಯ್ರೆ? ಇಷ್ಟು ವರ್ಷ ಕಣ್ಣು ಮುಚ್ಚಿಯೇ ಇಳಿದದ್ದು. ಬಿಟ್ರೆ ಮಣ್ಣು ಹೋಗ್ತದೆ. ಕೈಯೇ ಕಣ್ಣು. ನೀರು ಎಲ್ಲಿ ಎಳೀತದೆ, ಅಲ್ಲಿ ತೂತು.”

ನೀರು ಎಳೆಯುವ ಕಡೆಗೇ ಕೈ ಚಾಚುವ ಕೆಲಸ! ತಾಳಮದ್ದಳೆಯಲ್ಲಿ ಪಾತಾಳದ ವರ್ಣನೆ ಕೇಳಿ ಬೆಳೆದ ಕಿವಿ ನನ್ನದು. ಆ ಪಾತಾಳ ಎರಡಾಳು ಆಳದಲ್ಲೇ ಇದೆಯೆಂದು ಯಾವ ಅರ್ಥಧಾರಿಯೂ ಹೇಳಿರಲಿಲ್ಲ.

ಬೆಳಕು ಬೇಕೆಂದು ಮೊದಲು ಆಸೆಪಟ್ಟವರು ಡೊಂಬಯ್ಯ. ರಬ್ಬರ್ ಟ್ಯಾಪಿಂಗ್ ಅವರ ಕಸುಬು. ಮೋನು ಜೊತೆ ಸರದಿಯಲ್ಲಿ ಮುಳುಗುತ್ತಿದ್ದರು. ಪುತ್ತೂರಿನ ರಸ್ತೆಬದಿಯಲ್ಲಿ ಒಂದು ಟಾರ್ಚು ಕೊಂಡರು. ನೀರು ತಾಗಿದರೂ ಕೆಡುವುದಿಲ್ಲವೆಂದು ಡಬ್ಬಿಯ ಮೇಲೆ ಬರೆದಿತ್ತು. ಬರೆದವರ ಮನಸ್ಸಿನಲ್ಲಿದ್ದದ್ದು ಮಳೆ ಇರಬೇಕು. ಬಕೆಟಿನಲ್ಲಿ ಮುಳುಗಿಸಿದಾಗ ಚೆನ್ನಾಗಿಯೇ ಉರಿಯಿತು. ಇನ್ನೂ ಭದ್ರವಾಗಲೆಂದು ಮುಚ್ಚಳದ ಒಳಗಿನ ಕರಿ ರಿಂಗಿಗೆ ಅವರು ತೆಂಗಿನೆಣ್ಣೆ ಸವರಿ ಇಟ್ಟರು. ಬಾಗಿಲ ಕೀಲಿಗೂ ಮಂಡೆಗೂ ಅದನ್ನೇ ಹಚ್ಚುವ ಊರಲ್ಲವೇ ನಮ್ಮದು? ಎಣ್ಣೆ ಕುಡಿದ ರಿಂಗು ಉಬ್ಬಿ ಸಡಿಲವಾಯಿತು.

“ರಬ್ಬರಿಗೆ ಎಣ್ಣೆ ಮುಟ್ಟಿಸಬಾರ್ದು ಅಂತ ನನಗೆ ಯಾರಾದ್ರೂ ಹೇಳಿಕೊಡ್ಬೇಕಾ?” ಡೊಂಬಯ್ಯ ನೀರನ್ನೇ ನೋಡುತ್ತ ಹೇಳುತ್ತಾರೆ. “ದಿನಾ ರಬ್ಬರು ಮುಟ್ಟುವವ ನಾನು. ಆದ್ರೆ ಆ ರಿಂಗು ಕೈಯಲ್ಲಿ ಹಿಡಿದಾಗ, ಇದೂ ರಬ್ಬರೇ ಅಂತ ಮಂಡೆಗೆ ಹೋಗ್ಲೇ ಇಲ್ಲ ನೋಡಿ.”

ಅಡಿ ಮುಟ್ಟುವಾಗ ಬೆಳಕು ಆರಿತು. ಕೈ ಎಲ್ಲಿದೆ, ಗೋಡೆ ಎಲ್ಲಿದೆ, ತಿಳಿಯಲಿಲ್ಲ. ಹಲಗೆ ಸರಿದು ಕೈಯನ್ನು ಗೋಡೆಗೆ ಒತ್ತಿತು. ಹಗ್ಗ ಹಿಡಿದು ಕುರುಡಾಗಿ ಇಳಿದ ಮೋನು, ಮಣಿಕಟ್ಟಿಗೆ ಕಟ್ಟಿದ್ದ ಟಾರ್ಚಿನ ನೈಲಾನ್ ದಾರ ಬಿಗಿದು ನಿಂತದ್ದನ್ನು ತಡವಿ, ಚೂರಿಯಿಂದ ಕತ್ತರಿಸಿ, ಅವರನ್ನು ಎಳೆದು ತಂದರು. ಜೀವ ಬಂತು. ಜಜ್ಜಿದ ಕೈ ಉಳಿಯಲಿಲ್ಲ. ನೀರೇ ಎಳೆಯಿತೆಂದರು ಕೆಲವರು; ಆ ಕಿಂಡಿ ಸರಿಯಿಲ್ಲ ಎಂದರು ಕೆಲವರು. ಎಣ್ಣೆಯೇ ತನ್ನ ಕೈ ತಿಂದಿತು ಎಂದು ಡೊಂಬಯ್ಯ ನಂಬಿಕೊಂಡರು.

ಆಮೇಲೆ ಮೋನು ಅವರ ಹೆಂಡತಿ ರಮ್ಲತ್ ಖಂಡಿತವಾಗಿ ಹೇಳಿಬಿಟ್ಟರು: “ಸರಿಯಾದ ಲೈಟು ಇಲ್ಲದೆ ಆ ಕಿಂಡಿಗೆ ಇಳಿಯುದಾದ್ರೆ, ಮತ್ತೆ ಈ ಮನೆಗೆ ಬರುದೇ ಬೇಡ.”

ಹಾಗೆ ಶುರುವಾಯಿತು ಟಾರ್ಚಿನ ಹುಡುಕಾಟ. ಮೋನು ಅವರ ಅಳಿಯ, ಅಕ್ಕನ ಮಗ ಫಾಝಿಲ್, ಗಲ್ಫಿನಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ ಹಡಗಿನ ತಳ ಉಜ್ಜುವ ಕೆಲಸದಲ್ಲಿದ್ದಾನೆ. ಅವನು ಮೊದಲು ಕಳಿಸಿದ್ದು ಭಾರೀ ಬೆಳಕಿನದು. ಮನೆಯ ಬಾವಿಗೆ ಇಳಿಸಿದಾಗ, ಯಾವ ಕಾಲದಲ್ಲೋ ಬಿದ್ದ ಕೊಡಪಾನವೂ ಕಂಡಿತಂತೆ. ರಮ್ಲತ್ ಖುಷಿಪಟ್ಟರು. ಡೊಂಬಯ್ಯ ಮಾತ್ರ ಒಪ್ಪಲಿಲ್ಲ.

“ಬಾವಿ ನೀರಲ್ಲಿ ನನ್ನ ಕಣ್ಣೂ ಕಾಣ್ತದೆ,” ಎಂದರು.

ಅಂಗಳದ ಡ್ರಮ್ಮಿಗೆ ನೀರು ತುಂಬಿಸಿ, ಅಣೆಕಟ್ಟಿನ ಮಣ್ಣನ್ನೇ ಕದಡಿದರು. ಸ್ಟೀಲಿನ ಲೋಟವೊಂದನ್ನು ದಾರಕ್ಕೆ ಕಟ್ಟಿ ಮೆಲ್ಲನೆ ಇಳಿಸುತ್ತ, ಎಲ್ಲಿಯವರೆಗೆ ಹೊಳೆಯುತ್ತದೆಂದು ನೋಡಿದರು. ಗಲ್ಫಿನ ಬೆಳಕಿಗೆ ಲೋಟ ಒಂದು ಗೇಣಿನಲ್ಲೇ ಮಾಯ. ಅಗಲವಾಗಿ ಹರಡಿದ ಬೆಳಕು ಮಣ್ಣಿನ ಕಣಗಳಿಗೆ ಬಡಿದು, ಎದುರಿಗೆ ಬಿಳಿ ಗೋಡೆ ಎದ್ದಂತೆ ಆಯಿತು.

“ಗುಂಡ್ಯ ದಾಟಿ ಘಾಟಿಯ ಮಂಜಲ್ಲಿ ಲೈಟು ಎತ್ತಿ ಹಾಕಿದ ಲಾರಿಯ ಹಾಗೆ,” ಎಂದರು ಮೋನು.

ಫೋನಿನಲ್ಲಿ ಫಾಝಿಲ್‌ಗೆ ಬೈಗುಳ ಸಿಕ್ಕಿತು. “ಮಾಮ, ಅದು ಹವಳ, ಮೀನು ಫೋಟೋ ತೆಗೆಯುವವರ ಲೈಟು. ನೀವು ಮಣ್ಣಿನ ನೀರು ಅಂತ ಹೇಳ್ಳೇ ಇಲ್ಲ!”

“ನೀನು ಯಾವ ಊರಲ್ಲಿ ಹುಟ್ಟಿದ್ದು ಮಾರಾಯ?”

ಎರಡನೆಯದು, ಈಗ ಡೊಂಬಯ್ಯನ ಕೈಯಲ್ಲಿರುವುದು, ಕೋಲಿನಂತೆ ನೇರ, ಕಿರಿದಾದ ಬೆಳಕಿನದು. ಒತ್ತುವ ಗುಂಡಿ ಇಲ್ಲ. ಹೊರಗಿನ ಬಳೆ ತಿರುಗಿಸಿದರೆ ಅದರಲ್ಲಿರುವ ಅಯಸ್ಕಾಂತ ದೀಪ ಹೊತ್ತಿಸುತ್ತದೆ, ನೀರು ನುಗ್ಗಲು ಅಲ್ಲಿ ತೂತೇ ಇಲ್ಲ. ರಿಂಗಿಗೆ ಹಚ್ಚಲು ಬೇರೆಯೇ ಗ್ರೀಸಿನ ಟ್ಯೂಬು ಬಂದಿದೆ. ಹಚ್ಚುವ ಮೊದಲು ಕೂದಲೆಳೆ, ಮರಳಿನ ಕಣ ಏನೂ ಇಲ್ಲವೆಂದು ಬೆರಳಲ್ಲಿ ಸವರಿ ನೋಡುವ ಕೆಲಸ ಡೊಂಬಯ್ಯನದು. ಬೇರೆ ಯಾರಿಗೂ ಅವರು ಬಿಡುವುದಿಲ್ಲ. ಡ್ರಮ್ಮಿನಲ್ಲಿ ಲೋಟ ತಳ ಮುಟ್ಟುವವರೆಗೂ ಹೊಳೆಯಿತು.

ಮೋನು ಸೊಂಟಕ್ಕೆ ಹಗ್ಗ ಬಿಗಿಯುತ್ತಾರೆ. ಅದರ ಇನ್ನೊಂದು ತುದಿಯನ್ನು ಡೊಂಬಯ್ಯ ತನ್ನ ನಡುವಿಗೆ ಸುತ್ತಿ ಎಡಗೈಯಲ್ಲಿ ಹಿಡಿಯುತ್ತಾರೆ. ತುಟಿಯೊಳಗೆ ಬಿಸ್ಮಿ, ದೇವರ ಹೆಸರು. ದೊಡ್ಡ ಉಸಿರು. ಕಣ್ಣಿಗೆ ಈಜಿನ ಕನ್ನಡಕ ಎಳೆದುಕೊಂಡು, ಟಾರ್ಚು ಹೊತ್ತಿಸಿ ಮೋನು ಇಳಿಯುತ್ತಾರೆ. ನೀರು ಮುಚ್ಚುತ್ತದೆ.

ಕಾಯುವವರ ಉಸಿರು ಮುಳುಗಿದವರ ಉಸಿರಿಗಿಂತ ಬೇಗ ಮುಗಿಯುತ್ತದೆ. ನನ್ನ ಕೈ ಯಾವಾಗ ಮುಗಿದುಕೊಂಡಿತೋ ತಿಳಿಯದು.

ಹಗ್ಗ ಜಗ್ಗುತ್ತದೆ. ಮೋನು ಮೇಲೆ ಬರುತ್ತಾರೆ. ಕಟ್ಟೆಯ ಮೇಲೆ ಕೂತು, ಕನ್ನಡಕ ತೆಗೆದು, ಕಣ್ಣಿನ ಪಕ್ಕವನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಾರೆ.

“ಎಂತ ಮಾರಾಯಾ? ಎಂತಾಯ್ತು?” ಡೊಂಬಯ್ಯ ಅವರ ಹೆಗಲು ಹಿಡಿದು ಅಲುಗಿಸುತ್ತಾರೆ.

“ಸರಳುಂಟು, ಡೊಂಬಯ್ಯಣ್ಣ.”

“ಎಂಥ ಸರಳು?”

“ಗೋಡೆಯಿಂದ ಹೊರಗೆ ಬಂದದ್ದು. ಕಬ್ಬಿಣದ್ದು. ತುದಿ ಚೂಪು. ನಾನು ಪ್ರತಿ ಸಲ ತಲೆ ತಗ್ಗಿಸುವ ಜಾಗದಲ್ಲೇ.” ಅವರು ಬೆರಳನ್ನು ತನ್ನ ಕಣ್ಣಿನ ಪಕ್ಕಕ್ಕೆ ತಂದು ತೋರಿಸುತ್ತಾರೆ. “ಇಷ್ಟೇ ದೂರ. ಇಷ್ಟು ವರ್ಷ!”

ಕಾಂಕ್ರೀಟು ಹಾಕಿದ ದಿನ ಯಾರೋ ಕತ್ತರಿಸದೆ ಬಿಟ್ಟ ಸರಳಿನ ಪಕ್ಕದಲ್ಲಿ, ಒಬ್ಬ ಮನುಷ್ಯ ಪ್ರತಿ ವರ್ಷ ಕಣ್ಣು ಮುಚ್ಚಿ ಮುಖ ಇಟ್ಟು ಬಂದಿದ್ದಾನೆ.

“ಇನ್ನೊಂದುಂಟು,” ಎನ್ನುತ್ತಾರೆ ಮೋನು. “ಆ ಸರಳಿಗೆ ನೀಲಿ ದಾರ ಸುತ್ತಿಕೊಂಡುಂಟು. ನಿಮ್ಮ ಟಾರ್ಚಿಂದು.”

ಡೊಂಬಯ್ಯನಿಗೆ ಅರ್ಥವಾಗಲು ಹೊತ್ತು ಹಿಡಿಯುತ್ತದೆ. ದಾರ ಸರಳಿಗೆ ಸಿಕ್ಕಿ ಕೈಯನ್ನು ಅಲ್ಲೇ ಹಿಡಿದು ನಿಲ್ಲಿಸಿದೆ. ಆಮೇಲೆ ಹಲಗೆ ಬಂದಿದೆ.

“ಹಾಗಾದ್ರೆ ಎಣ್ಣೆ ಮಾತ್ರ ಅಲ್ಲ,” ಎನ್ನುತ್ತಾರೆ. ಮತ್ತೆ ಇನ್ನೊಮ್ಮೆ, ಯಾರಿಗೂ ಅಲ್ಲದೆ: “ಎಣ್ಣೆ ಮಾತ್ರ ಅಲ್ಲ.”

ಇವತ್ತಿಗೆ ಸಾಕು ಎನ್ನುತ್ತೇನೆ ನಾನು. ಮೋನು ಒಪ್ಪದೆ ತಲೆಯಾಡಿಸುತ್ತಾರೆ. “ಕಾಣದಿರುವಾಗ ಹೆದರಿಕೆ ಇರ್ಲಿಲ್ಲ. ಈಗ ಉಂಟು. ಆದ್ರೆ ಅದನ್ನು ಅಲ್ಲೇ ಬಿಟ್ರೆ ಮುಂದೆ ಇಳಿಯುವವನ ಕಣ್ಣು ಹೋಗ್ತದಲ್ಲ?”

ರಿಕ್ಷಾದಲ್ಲಿದ್ದ ಕಬ್ಬಿಣ ಕೊಯ್ಯುವ ಬ್ಲೇಡು ಹಿಡಿದು ಇಳಿಯುತ್ತಾರೆ. ಮೇಲೆ ಬಂದು ಉಸಿರು ತುಂಬಿಕೊಂಡು ಮತ್ತೆ ಇಳಿಯುತ್ತಾರೆ, ಮತ್ತೆ, ಮತ್ತೆ. ಈ ಟಾರ್ಚು ಮಣಿಕಟ್ಟಿನಲ್ಲಿರುವುದು ನೈಲಾನಿನಿಂದಲ್ಲ, ರಮ್ಲತ್ ಹೊಲಿದ ಹಳೆ ಬಟ್ಟೆಯ ಪಟ್ಟಿಯಿಂದ. ಜೋರಾಗಿ ಎಳೆದರೆ ಹರಿದುಹೋಗಲೆಂದೇ ಹೊಲಿದದ್ದು. ಕೊನೆಗೆ ತುಕ್ಕು ಹಿಡಿದ ಸರಳಿನ ತುಂಡು ಮೇಲೆ ಬರುತ್ತದೆ. ದಾರ ಅದರಲ್ಲೇ ಇದೆ. ಡೊಂಬಯ್ಯ ಅದನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ, ದಾರ ಬಿಚ್ಚುವುದಿಲ್ಲ.

ನಾರು, ಗೋಣಿ ತುರುಕಲು ಮೋನು ಕೊನೆಯ ಬಾರಿ ಮುಳುಗಿದಾಗ ಡೊಂಬಯ್ಯ ನನ್ನನ್ನು ಹತ್ತಿರ ಕರೆಯುತ್ತಾರೆ. ಕದಡಿದ ನೀರಿನಡಿ, ಹಲಗೆಯ ಪಕ್ಕ, ಮಸುಕಾದ ಹಳದಿ ಚುಕ್ಕೆಯೊಂದು ಮೆಲ್ಲನೆ ಸರಿಯುತ್ತಿದೆ.

“ಅಗೋ, ಅಲ್ಲಿದ್ದಾನೆ ನೋಡಿ! ಮೊದಲು ಹಗ್ಗ ಮಾತ್ರ ಇತ್ತು ನನಗೆ.”

ಚುಕ್ಕೆ ಹಲಗೆಯ ಹಿಂದೆ ಮರೆಯಾದಾಗ ಅವರ ಬೆರಳು ಹಗ್ಗದ ಮೇಲೆ ಬಿಳುಚುತ್ತದೆ. ಮತ್ತೆ ಕಂಡಾಗ ಸಡಿಲವಾಗುತ್ತದೆ.

ಸೋರುವುದು ನಿಂತಿದೆ. ತಲೆ ಒರೆಸಿಕೊಳ್ಳುತ್ತಿರುವ ಮೋನು ಅವರನ್ನು, ಇನ್ನೇನಾದರೂ ಬೇಕಿತ್ತೇ ಎಂದು ಕೇಳುತ್ತೇನೆ. ಅವರು ಒಣಮೀನಿನ ಗೋಣಿಗಳತ್ತ ನಡೆಯುತ್ತಲೇ ಹೇಳುತ್ತಾರೆ:

“ಇನ್ನೊಂದು ಲೈಟು ಬೇಕು ಮಾರಾಯ್ರೆ, ಸಣ್ಣದು ಸಾಕು. ಇದು ನಡುವಲ್ಲಿ ಆರಿದ್ರೆ ನನಗೆ ತೊಂದರೆ ಇಲ್ಲ, ಕೈ ಉಂಟು. ಮೇಲೆ ಕೂತವರಿಗೆ ಹೆದರಿಕೆ ಆಗ್ತದೆ.”