ಗೋಡೆಯ ಎಡಗಡೆ

ನಮ್ಮವರನ್ನು ಕೆಲಸದ ಜಾಗದಲ್ಲಿ ಎಲ್ಲರೂ ಹಲ್ಲಿ ಎಂದೇ ಕರೆಯುತ್ತಿದ್ದರು. ಎತ್ತರದ ಕಟ್ಟಡಗಳ ಹೊರಮೈಗೆ ಹಗ್ಗ ಕಟ್ಟಿಕೊಂಡು ಇಳಿದು ಗಾಜು ಒರೆಸುವುದು ಇವರ ಕಸುಬು. ಮದುವೆಯಾದ ಹೊಸದರಲ್ಲಿ ಆ ಹೆಸರು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಒಂದು ದಿನ ಬಸ್ಸಿನ ಕಿಟಕಿಯಿಂದ ಕತ್ತೆತ್ತಿ ನೋಡುತ್ತೇನೆ, ಯಾವನೋ ಗಾಜಿನ ಗೋಡೆಯ ಮೇಲೆ ಕೈಕಾಲು ಚಾಚಿ ಅಂಟಿಕೊಂಡಿದ್ದಾನೆ. ಪಾಪ, ಯಾರ ಮನೆಯವನೋ ಎಂದುಕೊಂಡೆ. ಹೆಗಲ ಮೇಲಿನ ಹಳದಿ ಟವೆಲ್ಲು ನಾನೇ ಒಗೆದು ಕೊಟ್ಟದ್ದು ಎಂದು ಗೊತ್ತಾದಾಗ ಜೀವ ಬಾಯಿಗೆ ಬಂತು. ಹಲ್ಲಿ ಅನ್ನುವುದರಲ್ಲಿ ತಪ್ಪೇನೂ ಇಲ್ಲ ಅಂತ ಅವತ್ತು ಒಪ್ಪಿಕೊಂಡೆ.

ಹೋದ ವರ್ಷ ಹಗ್ಗದ ಕೊಂಡಿ ಜಾರಿತು. ಒಂದು ಮಹಡಿಯಷ್ಟು ಕೆಳಗೆ ಬಂದು, ಕಿಟಕಿಯ ಚಾಚಿದ ಅಂಚಿಗೆ ಭುಜ ಬಡಿದು, ಎರಡನೇ ಹಗ್ಗದಲ್ಲಿ ನೇತಾಡುತ್ತಿದ್ದವರನ್ನು ಮೇಲಿನಿಂದ ಎಳೆದುಕೊಂಡರು. ಮೂಳೆ ಮುರಿದಿತ್ತು, ಕೂಡಿತು. ಕೂಡಿದ್ದೇ ತಡ, ಮತ್ತೆ ಹಗ್ಗದ ಮಾತು ತೆಗೆದರು. ಬಿದ್ದದ್ದು ಎಲ್ಲಿ, ಜಾರಿದ್ದು ಅಷ್ಟೇ ಎಂದು ವಾದ ಬೇರೆ. ನಾನು ಕೂಗಾಡಿದೆ, ಅತ್ತುಬಿಟ್ಟೆ, ವಾರಗಟ್ಟಲೆ ಮಾತು ಬಿಟ್ಟೆ. ನಿಮಗೆ ಹೆದರಿಕೆ ಅನ್ನೋದೇ ಇಲ್ವಾ ಎಂದರೆ, ಅದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ನಕ್ಕುಬಿಡುವ ಮನುಷ್ಯನ ಹತ್ತಿರ ಏನು ಮಾತಾಡುವುದು ಹೇಳಿ.

ಅಷ್ಟರಲ್ಲಿ ಇವರ ಕಂಟ್ರಾಕ್ಟರು ಒಂದು ಡ್ರೋನ್ ತಂದ. ನಾಲ್ಕು ಮೂಲೆಗೆ ನಾಲ್ಕು ಫ್ಯಾನು, ಮುಂದೆ ಒಂದು ಕ್ಯಾಮೆರಾ ಕಣ್ಣು. ಹಗ್ಗದವರನ್ನು ಇಳಿಸುವ ಮೊದಲು ಅದನ್ನು ಹಾರಿಸಿ, ಗೋಡೆಯಲ್ಲಿ ಎಲ್ಲಿ ಬಿರುಕಿದೆ, ಎಲ್ಲಿ ಕೊಳೆ ಕೂತಿದೆ, ಎಲ್ಲಿ ಹಕ್ಕಿ ಗೂಡು ಕಟ್ಟಿದೆ ಎಂದು ನೋಡಿಕೊಳ್ಳಬೇಕಂತೆ. ಹಾರಿಸುವವನಿಗೆ ತರಬೇತಿ ಬೇಕು, ಪರೀಕ್ಷೆ ಪಾಸಾಗಬೇಕು. ಗೋಡೆಗಳನ್ನು ಹಲ್ಲಿಯಷ್ಟು ಬಲ್ಲವರು ಯಾರು ಎಂದು ಇವರನ್ನೇ ಆರಿಸಿದ. ನಾನು ಕೈ ಮುಗಿದು ಹೂಂ ಅನ್ನಿಸಿದೆ. ಇವರು ಹೂಂ ಅಂದರು, ಜೊತೆಗೆ ಒಂದು ಬಾಲವನ್ನೂ ಸೇರಿಸಿದರು: ಪಾಸಾದರೆ ಡ್ರೋನು, ಫೇಲಾದರೆ ಹಗ್ಗ, ಆಗ ನೀನು ತುಟಿ ಬಿಚ್ಚಬಾರದು. ಒಪ್ಪದೆ ಬೇರೆ ದಾರಿ ಇರಲಿಲ್ಲ.

ತರಬೇತಿ ಕೊಡುವವಳು ನಮ್ಮ ಮಗಳ ವಯಸ್ಸಿನ ಹುಡುಗಿ. ಊರ ಹೊರಗಿನ ಹಳೇ ಗೋದಾಮಿನ ಅಂಗಳದಲ್ಲಿ ಪಾಠ. ಎದುರಿಗೆ ಗೋದಾಮಿನ ಉದ್ದನೆಯ ಗೋಡೆ, ಎಡಕ್ಕೆ ಗೇಟು, ಬಲಕ್ಕೆ ನೀರಿನ ಟ್ಯಾಂಕು. ಹಾರಿಸುವವನ ಪಕ್ಕದಲ್ಲಿ ಇನ್ನೊಬ್ಬರು ನಿಂತು ಆಕಾಶ ಮತ್ತು ಜನ ಎರಡನ್ನೂ ನೋಡುತ್ತಿರಬೇಕು ಅನ್ನುವುದು ಅವಳ ಕಟ್ಟಳೆ. ಆ ಇನ್ನೊಬ್ಬರು ನಾನೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನ ಪಾಳಿಯನ್ನು ಗೆಳತಿಗೆ ಒಪ್ಪಿಸಿ ಬಂದಿದ್ದೆ. ಟೀಚರು ಮೊದಲು ಬಾಯಿ ಮುಚ್ಚಿಕೊಂಡು ನೋಡುವುದನ್ನು ಕಲಿಸಿದಳು. ಫ್ಯಾನಿನ ಎಲೆಗಳಲ್ಲಿ ಸೀಳು ಇದೆಯೇ, ಬ್ಯಾಟರಿ ಗಟ್ಟಿಯಾಗಿ ಕೂತಿದೆಯೇ, ಗಾಳಿ ಯಾವ ಕಡೆಯದು. ಜನರ ತಲೆ ಮೇಲೆ ಹಾರಿಸುವಂತಿಲ್ಲ, ಕಣ್ಣಿಗೆ ಕಾಣದಷ್ಟು ದೂರ ಬಿಡುವಂತಿಲ್ಲ. ಇದೆಲ್ಲ ಇವರಿಗೆ ನೀರು ಕುಡಿದಷ್ಟು ಸಲೀಸು. ಹಗ್ಗ ಕಟ್ಟುವ ಮೊದಲು ಪ್ರತಿ ಗಂಟನ್ನೂ ಮುಟ್ಟಿ ನೋಡುತ್ತಿದ್ದವರಲ್ಲವೇ. ನಾನು ಒಳಗೊಳಗೇ ಉಬ್ಬಿಹೋದೆ.

ಉಬ್ಬಿದ್ದು ಇಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಡ್ರೋನಿನ ಬೆನ್ನು ನಮ್ಮ ಕಡೆಗಿದ್ದಾಗ ಹಾರಿಸುವುದು ಎಲ್ಲಕ್ಕಿಂತ ಸುಲಭವಂತೆ. ರಿಮೋಟಿನ ಕಡ್ಡಿಯನ್ನು ಎಡಕ್ಕೆ ಒತ್ತಿದರೆ ಅದೂ ನಮ್ಮ ಎಡಕ್ಕೆ ಹೋಗುತ್ತದೆ. ಗೇಟಿನ ಕಡೆ ತನ್ನಿ ಅಂಕಲ್ ಎಂದಳು ಟೀಚರು. ಇವರು ಗಂಭೀರವಾಗಿ ಕಡ್ಡಿ ಒತ್ತಿದರು, ಡ್ರೋನು ಟ್ಯಾಂಕಿನ ಕಡೆ ಓಡಿತು. ಇನ್ನೊಮ್ಮೆ ಎಂದಳು. ಇನ್ನೊಮ್ಮೆಯೂ ಟ್ಯಾಂಕು. ಟ್ಯಾಂಕಿನ ಕಡೆ ಎಂದರೆ ಗೇಟು. ಅವಳು ರಿಮೋಟನ್ನೇ ಅನುಮಾನಿಸಿ ತಾನೇ ಹಾರಿಸಿ ನೋಡಿದಳು, ಅದು ಸರಿಯಾಗೇ ಇತ್ತು. ಇವರು ಬೆಪ್ಪಾಗಿ ಹೆಬ್ಬೆರಳುಗಳನ್ನು ನೋಡಿಕೊಳ್ಳುತ್ತಾ ನಿಂತರು.

ಬೇಸತ್ತು ಅವಳು ಡ್ರೋನಿನ ಮುಖವನ್ನು ನಮ್ಮ ಕಡೆ ತಿರುಗಿಸಿದಳು. ಹಾಗೆ ತಿರುಗಿದಾಗ ಅದರ ಎಡ ನಮ್ಮ ಬಲವಾಗುತ್ತದೆ, ಕಲಿಯುವವರೆಲ್ಲ ಕಕ್ಕಾಬಿಕ್ಕಿಯಾಗುವುದು ಅಲ್ಲೇ ಎಂದು ನನಗೆ ವಿವರಿಸುತ್ತಿದ್ದಳು. ಅವಳ ಮಾತು ಮುಗಿಯುವಷ್ಟರಲ್ಲಿ ಇವರು ಅದನ್ನು ಗೇಟಿಗೆ ಒಯ್ದು, ಟ್ಯಾಂಕಿಗೆ ತಂದು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡುವೆ ನಿಲ್ಲಿಸಿದರು. ಅವಳು ಕಣ್ಣು ಕಣ್ಣು ಬಿಟ್ಟಳು. ತಮಾಷೆ ಮಾಡ್ತಿದ್ದಾರಾ ಆಂಟಿ ಎಂದು ನನ್ನ ಕಿವಿಯಲ್ಲಿ ಕೇಳಿದಳು. ನಮ್ಮವರಿಗೆ ಅಷ್ಟು ಚೆನ್ನಾಗಿ ತಮಾಷೆ ಮಾಡಲು ಬರುವುದಿಲ್ಲ ಎಂದೆ.

ದಿನ ಕಳೆದಂತೆ ಇದೇ ಹಾಡು. ಸುಲಭದ್ದು ಬರುವುದಿಲ್ಲ, ಕಷ್ಟದ್ದು ಬರುತ್ತದೆ. ನನಗೆ ತಲೆಬುಡ ತಿಳಿಯಲಿಲ್ಲ, ಇವರಿಗೂ ತಿಳಿಯಲಿಲ್ಲ. ನಾನು ಗೇಟು ಅಂತಲೇ ಅಂದುಕೊಂಡು ಒತ್ತೋದು ಕಣೇ, ಅದು ಯಾಕೆ ಹಿಂಗೆ ಮಾಡುತ್ತೆ ಎಂದು ಚಪ್ಪಲಿ ಬಿಡುತ್ತಾ ಗೊಣಗುತ್ತಿದ್ದರು. ಆಗ ನನ್ನ ತಲೆಗೆ ಬೇರೆಯೇ ಒಂದು ಹುಳ ಹೊಕ್ಕಿತು. ಅವತ್ತು ಬಡಿದದ್ದು ಭುಜ ಮಾತ್ರವೋ, ತಲೆಯೂ ಬಡಿದಿತ್ತೋ? ಅಡುಗೆಮನೆಯಲ್ಲಿ ನಿಂತು ಎಡಗಡೆ ಡಬ್ಬ ಕೊಡ್ರೀ ಎಂದೆ, ಎಡಗಡೆಯದನ್ನೇ ಕೊಟ್ಟರು. ಬಲಗೈ ತೋರಿಸಿ ಎಂದೆ, ತೋರಿಸಿದರು. ಯಾಕೆ ಎಂದು ಕೇಳಿದಾಗ ಉಗುರು ನೋಡೋಣ ಅಂತ ಎಂದುಬಿಟ್ಟೆ. ಆಸ್ಪತ್ರೆಯಲ್ಲಿ ನಾನು ಇಸ್ತ್ರಿ ಮಾಡುವ ಕೋಟಿನ ಡಾಕ್ಟರೊಬ್ಬರ ಹತ್ತಿರ ಏನೇನೋ ನೆಪ ಹೇಳಿ ಕರೆದುಕೊಂಡು ಹೋದೆ. ಅವರು ಕಣ್ಣಿಗೆ ಟಾರ್ಚು ಬಿಟ್ಟು, ಮೂಗು ಮುಟ್ಟಿಸಿ, ಗೆರೆಯ ಮೇಲೆ ನಡೆಸಿ, ನಿಮ್ಮ ಯಜಮಾನರ ತಲೆ ನಮ್ಮೆಲ್ಲರಿಗಿಂತ ಗಟ್ಟಿಯಾಗಿದೆ ಎಂದರು. ಒಳ್ಳೆಯ ಸುದ್ದಿ ಕೇಳಿ ನನ್ನ ಗೊಂದಲ ಇನ್ನೂ ಹೆಚ್ಚಾಯಿತು. ತಲೆ ಸರಿ ಇದ್ದರೆ, ಕೈ ಸರಿ ಇದ್ದರೆ, ಕೆಟ್ಟಿರುವುದು ಏನು? ಬೇಕೆಂದೇ ಫೇಲಾಗಿ ಹಗ್ಗಕ್ಕೆ ಹೋಗುವ ಹುನ್ನಾರವೇ ಇದು? ಹಾಗೆ ಯೋಚಿಸಿದ ದಿನ ಇವರ ಮುಖ ನೋಡಲೂ ನನಗೆ ಸಿಟ್ಟು ಬರುತ್ತಿತ್ತು.

ಪರೀಕ್ಷೆ ಹತ್ತಿರ ಬಂದಾಗ ಗಂಟು ಮನೆಗೆ ಬಂದ. ಗಂಟು ಎಂದರೆ, ಹಲ್ಲಿಯ ಹಾಗೇ ಕೆಲಸದ ಜಾಗದ ಹೆಸರು, ಇವರ ಹಳೆಯ ಜೊತೆಗಾರ. ಇವರು ಹಗ್ಗದಲ್ಲಿ ಇಳಿದರೆ ಅವನು ತಾರಸಿಯ ಅಂಚಿನಲ್ಲಿ ನಿಂತು ಹಗ್ಗ ನೋಡಿಕೊಳ್ಳುವವನು. ಇವರು ಅಂಗಡಿಗೆ ಹೋಗಿದ್ದ ಹೊತ್ತು ನೋಡಿ ನಾನು ಎಲ್ಲವನ್ನೂ ತೋಡಿಕೊಂಡೆ. ಎಡ ಅಂದರೆ ಬಲಕ್ಕೆ ಒತ್ತುತ್ತಾರೆ ಎಂದೆ.

"ಯಾವ ಎಡ ಅತ್ತಿಗೆ? ಕಟ್ಟಡದ್ದಾ, ನಿಮ್ಮದಾ?" ಎಂದ ಅವನು, ಟೀ ಊದುತ್ತಾ.

ಕಟ್ಟಡಕ್ಕೆಂಥ ಎಡವಪ್ಪಾ ಎಂದು ಬೆರಗಾದೆ. ಅವನು ಲೋಟ ಕೆಳಗಿಟ್ಟು ವಿವರಿಸಿದ. ತಾರಸಿಯ ಮೇಲಿರುವವನು ಬೀದಿಯ ಕಡೆ ಮುಖ ಮಾಡಿರುತ್ತಾನೆ, ಹಗ್ಗದಲ್ಲಿರುವವನು ಗೋಡೆಯ ಕಡೆ. ಒಬ್ಬನ ಎಡ ಇನ್ನೊಬ್ಬನ ಬಲ. ಹಿಂದೊಮ್ಮೆ ಇಬ್ಬರು ಇದರಿಂದಲೇ ಹಗ್ಗವನ್ನು ತಪ್ಪು ಕಡೆಗೆ ಎಳೆದಾಡಿಕೊಂಡು ಪ್ರಾಣಕ್ಕೆ ಬಂದಿತ್ತಂತೆ. ಅಲ್ಲಿಂದೀಚೆಗೆ ಇವರ ಕಸುಬಿನಲ್ಲಿ ಎಡ ಎಂದರೆ ಕಟ್ಟಡದ ಎಡ, ಕಟ್ಟಡವೇ ಬೀದಿ ನೋಡುತ್ತಾ ನಿಂತ ಮನುಷ್ಯ ಎಂದು ಲೆಕ್ಕ. ಹೊಸಬರಿಗೆ ಮೊದಲ ದಿನ ಕಲಿಸುವುದೇ ಅದನ್ನು. ಆಮೇಲೆ ಅದು ರಕ್ತಕ್ಕೆ ಇಳಿದುಬಿಡುತ್ತದೆ, ಯಾರೂ ಬಾಯಿ ಬಿಟ್ಟು ಹೇಳುವುದೇ ಇಲ್ಲ.

ನಾನು ಸಕ್ಕರೆ ಡಬ್ಬವನ್ನು ಗೋದಾಮು ಮಾಡಿ, ಚಮಚವನ್ನು ನಮ್ಮವರನ್ನಾಗಿ ಮಾಡಿ ಮೇಜಿನ ಮೇಲೆ ಇಟ್ಟು ನೋಡಿದೆ. ಗೋಡೆಗೆ ಎದುರು ನಿಂತವರಿಗೆ ಗೇಟು ಎಡಕ್ಕಿದೆ, ಆದರೆ ಗೋಡೆಗೆ ಅದು ಬಲಕ್ಕೆ. ಇವರು ಗೇಟು ಎಂದೊಡನೆ ಮನಸ್ಸಿನಲ್ಲಿ ಬಲ ಎಂದುಕೊಂಡು ಕಡ್ಡಿಯನ್ನು ಬಲಕ್ಕೆ ಒತ್ತುತ್ತಿದ್ದಾರೆ. ಡ್ರೋನು ಈ ಕಡೆ ತಿರುಗಿದಾಗ ಅದೂ ಗೋಡೆಯ ಹಾಗೇ ನಮ್ಮನ್ನು ನೋಡುತ್ತದೆ, ಆಗ ಲೆಕ್ಕ ಸರಿಹೋಗುತ್ತದೆ. ಎದುರಿಗೆ ಕಟ್ಟಡದ ಗೋಡೆ ಇದ್ದರೆ ಮಾತ್ರ ಈ ಅವಾಂತರ, ಅಡುಗೆಮನೆಯಲ್ಲಿ ಏಕೆ ಆಗುತ್ತದೆ? ಅಂಗಡಿಯಿಂದ ಬಂದಮೇಲೆ ಹೇಳಿದರೆ ಇವರಿಗೇ ನಂಬಿಕೆಯಾಗಲಿಲ್ಲ. ಮೇಜಿನ ಸುತ್ತ ಎರಡು ಸುತ್ತು ಬಂದು, ಹೌದಲ್ವೇನೋ ಎಂದು ಗಂಟುವಿನ ಮುಖ ನೋಡಿದರು.

ಟೀಚರು ಕೇಳಿ ಅಂಗಳದಲ್ಲೇ ಕೂತು ನಕ್ಕಳು. ಇನ್ನು ಎಡ, ಬಲ ಅನ್ನೋ ಮಾತೇ ಬೇಡ ಅಂಕಲ್, ಗೇಟು ಮತ್ತು ಟ್ಯಾಂಕು ಅಂತ ಮಾತ್ರ ಅಂದುಕೊಳ್ಳಿ, ಬೇಕಾದ ಕಡೆಗೆ ಬೆರಳು ಒತ್ತಿ ಎಂದಳು. ಬೆನ್ನು ಈ ಕಡೆ ಇದ್ದಾಗ ಎಲ್ಲ ಸರಿಯಾಯಿತು. ಖುಷಿಯಿಂದ ಮುಖ ತಿರುಗಿಸಿದರೆ, ಇಷ್ಟು ದಿನ ಸಲೀಸಾಗಿ ಬರುತ್ತಿದ್ದದ್ದು ಮಂಗಮಾಯ. ಗೇಟು ಎಂದರೆ ಟ್ಯಾಂಕು, ಟ್ಯಾಂಕು ಎಂದರೆ ಗೇಟು. ನಾನು ಹಣೆ ಹಣೆ ಚಚ್ಚಿಕೊಂಡೆ. ಅವಳು ಮಾತ್ರ ನಿರಾಳವಾಗಿ ಉಸಿರು ಬಿಟ್ಟಳು.

"ಈಗ ಎಲ್ಲರ ಹಾಗೆ ತಪ್ಪು ಮಾಡ್ತಿದ್ದೀರಿ. ಇದಕ್ಕೆ ನನ್ನ ಹತ್ರ ಮದ್ದಿದೆ" ಎಂದಳು.

ಮದ್ದು ಎಂದರೆ ಅಭ್ಯಾಸ. ಪರೀಕ್ಷೆಯ ಹೊತ್ತಿಗೆ ಇವರ ತಲೆಯಲ್ಲಿ ಮೂರು ಬಗೆಯ ಎಡಗಳು ಒಂದೇ ಬಾಡಿಗೆ ಮನೆಯಲ್ಲಿ ಜಗಳವಾಡಿಕೊಂಡು ಬದುಕುತ್ತಿದ್ದವು: ಗೋಡೆಯದು, ಡ್ರೋನಿನದು, ತಮ್ಮದು. ಯಾವಾಗ ಯಾವುದು ಬಾಗಿಲು ತೆರೆಯುತ್ತದೆಂದು ದೇವರಿಗೇ ಗೊತ್ತು.

ಪರೀಕ್ಷಕರು ಟೋಪಿ ಹಾಕಿದ ಮೌನಿ. ನೆಲದ ಮೇಲೆ ಸುಣ್ಣದಲ್ಲಿ ಒಂದು ಚೌಕ ಎಳೆಸಿದ್ದರು. ಡ್ರೋನು ಅದರ ಅಂಚಿನಗುಂಟ, ತಲೆಯೆತ್ತರದಲ್ಲಿ, ಗೆರೆ ದಾಟದೆ ಸುತ್ತಬೇಕು. ಬೆನ್ನು ಈ ಕಡೆ ಇಟ್ಟು ಒಂದು ಸುತ್ತು ಚೆನ್ನಾಗಿ ಆಯಿತು. ಮುಖ ಈ ಕಡೆ ತಿರುಗಿಸಿ ಎರಡನೆಯದು ಅರ್ಧವಾಗಿತ್ತು. ಆಗ ಪಕ್ಕದ ವರ್ಕ್‌ಶಾಪಿನವನೊಬ್ಬ ಸೈಕಲ್ಲು ತಳ್ಳಿಕೊಂಡು ತನ್ನ ಪಾಡಿಗೆ ಗೇಟಿನೊಳಗೆ ಬಂದ. ಜನ, ಗೇಟಲ್ಲಿ ಜನ ಎಂದೆ ನಾನು. ಇವರು ಅದನ್ನು ದೂರ ಮಾಡಲು ಹೋದರು. ದೂರ ಮಾಡಲು ಹೋದದ್ದೇ ಅದು ಸುಣ್ಣದ ಗೆರೆ ದಾಟಿ ಅವನ ಕಡೆಗೇ ಹೊರಟಿತು. ಇವರು ಇನ್ನೂ ಒತ್ತಿದರು. ಅದು ಇನ್ನೂ ಜೋರಾಯಿತು. ಹಗ್ಗದವರಿಗೆ ದಿಕ್ಕು ತಪ್ಪಿದಾಗ ತಿಳಿದಿರುವುದು ಒಂದೇ, ಹಿಡಿದದ್ದನ್ನು ಇನ್ನೂ ಬಿಗಿಯಾಗಿ ಹಿಡಿಯುವುದು. ಬೆರಳ ತುದಿ ಬೆಳ್ಳಗಾಗಿದ್ದು ನನಗೆ ಕಾಣುತ್ತಿತ್ತು.

ಇಂಥ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತವರು ಹೇಳಬೇಕಾದ ಮಾತನ್ನು ಟೀಚರು ಅವತ್ತು ಬೆಳಿಗ್ಗೆ ನನಗೆ ಒಬ್ಬಳಿಗೇ ಬಾಯಿಪಾಠ ಮಾಡಿಸಿದ್ದಳು. ಕಡ್ಡಿ ಬಿಟ್ಟುಬಿಟ್ಟರೆ ಡ್ರೋನು ಇದ್ದಲ್ಲೇ ನಿಲ್ಲುತ್ತದೆ, ಬೀಳುವುದಿಲ್ಲ.

"ಕೈ ತೆಗೀರಿ" ಎಂದೆ. ಇವರಿಗೆ ಕೇಳಿಸಲಿಲ್ಲ. ಮೊಣಕೈ ಮುಟ್ಟಿ, "ರೀ, ಎರಡೂ ಕೈ ತೆಗೀರಿ" ಎಂದೆ.

ಹೆಬ್ಬೆರಳು ಎರಡೂ ಮೇಲೆದ್ದವು. ಡ್ರೋನು ಒಮ್ಮೆ ತೂಗಾಡಿ, ಸೈಕಲ್ಲಿನವನಿಂದ ನಾಲ್ಕು ಮಾರು ಈಚೆಗೆ ಗಾಳಿಯಲ್ಲಿ ನಿಂತಿತು. ಅವನು ಅದನ್ನು ಬೈದುಕೊಂಡು ಹೋದ. ಅದು ಗುಂಯ್‌ಗುಡುತ್ತಾ ಅಲ್ಲೇ ಇತ್ತು. ಇವರು ಬರಿಯ ಬೆರಳುಗಳನ್ನು ಮೇಲೆತ್ತಿಕೊಂಡು ಅದನ್ನೇ ನೋಡುತ್ತಾ ಬಹಳ ಹೊತ್ತು ನಿಂತರು. ಇಳಿಸಿ ಎಂದು ಪರೀಕ್ಷಕರು ಎರಡು ಸಲ ಹೇಳಬೇಕಾಯಿತು.

ನಿಲ್ಲಿಸಿದ್ದು ಸರಿ, ಗೆರೆ ದಾಟಿದ್ದು ತಪ್ಪು, ಮುಂದಿನ ತಿಂಗಳು ಮತ್ತೆ ಬನ್ನಿ ಎಂದು ಹೇಳಿ ಅವರು ಹೊರಟುಹೋದರು. ಫೇಲು. ಗೋದಾಮಿನ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು. ಕೈ ಬಿಟ್ಟರೂ ಅದು ಬೀಳಲಿಲ್ಲ ಕಣೇ ಎಂದರು ಇವರು. ತುಟಿ ಬಿಚ್ಚಬಾರದು ಎಂದು ಒಪ್ಪಿದ್ದು ನಾನೇ. ಅಷ್ಟರಲ್ಲಿ ಫೋನು ಬಂತು, ಕಂಟ್ರಾಕ್ಟರು. ಅವನ ಗಂಟಲು ದೊಡ್ಡದು, ನನಗೂ ಕೇಳುತ್ತಿತ್ತು. ಪರೀಕ್ಷೆಯ ವಿಷಯ ಕೇಳಿ ತಿಳಿದುಕೊಂಡ. ಪರವಾಗಿಲ್ಲ, ನಾಳೆ ಹಗ್ಗಕ್ಕೆ ಒಬ್ಬ ಕಡಿಮೆ ಬಿದ್ದಿದ್ದಾನೆ, ಬಂದುಬಿಡು ಎಂದ.

ಇವರು "ಹಗ್ಗಕ್ಕೆ ಬರಲ್ಲ ಸಾರ್" ಎಂದರು.

ಭುಜ ಇನ್ನೂ ನೋಯುತ್ತದಾ ಎಂದು ಅವನು ಕೇಳಿದ.

"ಭುಜ ಚೆನ್ನಾಗಿದೆ. ಹೆದರಿಕೆ ಆಗುತ್ತೆ."

ಬಿದ್ದಮೇಲೆ ಎಲ್ಲರಿಗೂ ಹಾಗೇ, ನಾಲ್ಕು ದಿನ ಹೋದರೆ ಸರಿಹೋಗುತ್ತದೆ ಎಂದು ಅವನು ಸಮಾಧಾನ ಹೇಳಿದ.

"ಬಿದ್ದಮೇಲೆ ಅಲ್ಲ ಸಾರ್" ಎಂದರು ಇವರು. "ಮೊದಲಿಂದಲೂ."

ನಾನು ಇವರ ಕಡೆ ತಿರುಗಿದೆ. ಇಷ್ಟು ವರ್ಷ ಈ ಮನುಷ್ಯನಿಗೆ ಹೆದರಿಕೆಯೇ ಇಲ್ಲವೆಂದು ಬೈದದ್ದೆಷ್ಟು, ಅತ್ತದ್ದೆಷ್ಟು. ದಿನಾ ಬೆಳಿಗ್ಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೆದರಿಕೊಂಡೇ ಹೊರಡುತ್ತಿದ್ದರೇ? ಮನೆಗೆ ಬಂದು ನಗುತ್ತಿದ್ದದ್ದು ಯಾವ ನಗು? ಬದುಕಿಕೊಂಡರು ಎಂದು ಸಂತೋಷಪಡಬೇಕೋ, ಇಷ್ಟು ದಿನ ನನಗೆ ಹೇಳಲಿಲ್ಲವೆಂದು ಜಗಳವಾಡಬೇಕೋ ತಿಳಿಯದೆ, ನೀರು ಕುಡೀರಿ ಎಂದು ಬಾಟಲಿ ಚಾಚಿದೆ. ಇವರು ಮುಚ್ಚಳ ತೆಗೆದು ಬಾಯಿಗೆತ್ತಿದರು. ಕೊಡುವಾಗ ನಾನು ನೋಡಿಯೇ ಇರಲಿಲ್ಲ, ಅದರಲ್ಲಿ ನೀರಿರಲಿಲ್ಲ.